ಒಂದೇ ಹೆಸರು, ಎರಡು ಪ್ರತಿ: ಡೈನಮಿಕ್ ಲೈಬ್ರರಿ ಜೊತೆ ಗ್ಲೋಬಲ್ ವೇರಿಯಬಲ್ ಹಂಚಿಕೊಳ್ಳುವಾಗಿನ ದೋಷಗಳು

ಮುಖ್ಯ ಪ್ರೋಗ್ರಾಮಿನಲ್ಲಿ ‘ಎಣಿಕೆ’ ಎಂಬ ಗ್ಲೋಬಲ್ ವೇರಿಯಬಲ್‌ಗೆ 5 ಎಂದು ಬರೆದಿರುತ್ತೀರಿ. ಡೈನಮಿಕ್ ಲೈಬ್ರರಿಯೊಳಗಿನ (ಪ್ರೋಗ್ರಾಂ ಓಡುವಾಗ ಬಂದು ಸೇರುವ ಪ್ರತ್ಯೇಕ ಕೋಡ್ ಫೈಲ್) ಫಂಕ್ಷನ್ ಅದೇ ಹೆಸರನ್ನು ಓದಿದರೆ 0 ಸಿಗುತ್ತದೆ. ಕಂಪೈಲರ್ ಎಚ್ಚರಿಸಿಲ್ಲ, ಕಂಪೈಲಾದ ತುಣುಕುಗಳನ್ನು ಜೋಡಿಸುವ ಲಿಂಕರ್ ತುಟಿ ಬಿಚ್ಚಿಲ್ಲ, ಪ್ರೋಗ್ರಾಂ ಕ್ರ್ಯಾಶ್ ಕೂಡ ಆಗಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಜನ ಕೋಡಿನ ತರ್ಕವನ್ನೇ ಅನುಮಾನಿಸಿ ಗಂಟೆಗಟ್ಟಲೆ ಸಾಲು ಸಾಲು ಓದುತ್ತಾರೆ. ತಪ್ಪು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಮೆಮೊರಿಯಲ್ಲಿ ಆ ಹೆಸರಿನ ಪ್ರತಿಗಳು ಎಷ್ಟಿವೆ, ಯಾರು ಯಾವ ಪ್ರತಿಯನ್ನು ನೋಡುತ್ತಿದ್ದಾರೆ ಎಂಬುದು ಗೊತ್ತಾಗುವ ತನಕ ಬೇರೇನನ್ನೂ ಮುಟ್ಟಬೇಡಿ.

ಕೆಳಗಿನ ವಿವರಗಳು ಸಿ ಮತ್ತು ಸಿ++ ಭಾಷೆಗಳಿಗೆ ಸೇರಿದವು. ಮೊದಲು ಲಿನಕ್ಸ್, ಅಂದರೆ ಎಲ್ಫ್ ಎಂಬ ಮಾದರಿಯ ಪ್ರೋಗ್ರಾಂ ಮತ್ತು ಲೈಬ್ರರಿ ಫೈಲುಗಳು. ನಂತರ ವಿಂಡೋಸ್, ಕೊನೆಗೆ ಮ್ಯಾಕ್. ಮೂರರ ನಿಯಮಗಳೂ ಬೇರೆ ಬೇರೆ. ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡಲೇಬೇಕೆಂಬ ನಿಯಮವಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿನ ಹಂಚಿಕೆ ಒಂದೇ ಪ್ರೋಸೆಸ್ ಒಳಗಿನದು. ಎರಡು ಪ್ರೋಗ್ರಾಂಗಳು ಒಂದೇ ಲೈಬ್ರರಿಯನ್ನು ಲೋಡ್ ಮಾಡಿಕೊಂಡರೆ ಅದರ ಕೋಡ್ ಇಬ್ಬರಿಗೂ ಒಂದೇ, ಆದರೆ ಬರೆಯಬಹುದಾದ ಡೇಟಾ ಪ್ರತಿ ಪ್ರೋಸೆಸ್‌ಗೂ ಪ್ರತ್ಯೇಕ. ಎರಡು ಪ್ರೋಸೆಸ್‌ಗಳ ನಡುವೆ ಬೆಲೆ ಹೋಗಬೇಕಿದ್ದರೆ ಶೇರ್ಡ್ ಮೆಮೊರಿ ಬೇಕು, ಗ್ಲೋಬಲ್ ವೇರಿಯಬಲ್‌ನಿಂದ ಆ ಕೆಲಸ ಆಗುವುದಿಲ್ಲ.

ಮೊದಲು ವಿಳಾಸ ಅಳೆಯಿರಿ

ಪ್ರೋಗ್ರಾಮಿನಲ್ಲೊಂದು, ಲೈಬ್ರರಿಯಲ್ಲೊಂದು ಪ್ರಿಂಟ್ ಸಾಲು ಸೇರಿಸಿ. ಬೆಲೆಯ ಜೊತೆ ವೇರಿಯಬಲ್‌ನ ವಿಳಾಸವನ್ನೂ ಅದರ ಸೈಜನ್ನೂ ಮುದ್ರಿಸಿ. ಮೂರೂ ಬೇಕು. ಬರೀ ಬೆಲೆ ನೋಡಿದರೆ ಮೋಸಹೋಗುತ್ತೀರಿ, ಏಕೆಂದರೆ ಎರಡು ಪ್ರತಿಗಳೂ ಒಂದೇ ಆರಂಭಿಕ ಬೆಲೆಯಿಂದ ಶುರುವಾಗಿ, ಯಾರಾದರೂ ಬರೆದ ಮೇಲಷ್ಟೇ ಬೇರೆಯಾಗುತ್ತವೆ. ವೇರಿಯಬಲ್ ಥ್ರೆಡ್-ಲೋಕಲ್ (ಪ್ರತಿ ಥ್ರೆಡ್‌ಗೂ ಒಂದೊಂದು ಪ್ರತಿ) ಆಗಿದ್ದರೆ ಎರಡೂ ಸಾಲುಗಳು ಒಂದೇ ಥ್ರೆಡ್‌ನಲ್ಲಿ ಓಡುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ವಿಳಾಸ ಬೇರೆಯಾಗುವುದೇ ಸಹಜ.

64 ಬಿಟ್ ಇಂಟೆಲ್ ಮಾದರಿಯ ಲಿನಕ್ಸ್‌ನಲ್ಲಿ ವಿಳಾಸವೇ ಅರ್ಧ ಕಥೆ ಹೇಳುತ್ತದೆ. 55 ಅಥವಾ 56ರಿಂದ ಶುರುವಾದರೆ ಅದು ಸಾಮಾನ್ಯವಾಗಿ ಮುಖ್ಯ ಪ್ರೋಗ್ರಾಮಿನ ಜಾಗ, 7ಎಫ್‌ನಿಂದ ಶುರುವಾದರೆ ಲೈಬ್ರರಿಯ ಜಾಗ. ಖಚಿತಪಡಿಸಿಕೊಳ್ಳಲು ಪ್ರೋಸೆಸ್‌ನ ಪ್ರೋಕ್ ಫೋಲ್ಡರಿನಲ್ಲಿರುವ ಮ್ಯಾಪ್ಸ್ ಫೈಲ್ ತೆರೆದು, ಆ ವಿಳಾಸ ಯಾವ ಫೈಲಿನ ವ್ಯಾಪ್ತಿಯಲ್ಲಿ ಬೀಳುತ್ತದೆ ನೋಡಿ. ಕೋಡಿನೊಳಗಿಂದಲೇ ತಿಳಿಯಬೇಕಿದ್ದರೆ ಡಿಎಲ್‌ಆ್ಯಡ್ರ್ ಫಂಕ್ಷನ್ ಇದೆ. ಡೀಬಗರಿನಲ್ಲಿ ಹೆಸರು ಟೈಪ್ ಮಾಡಿ ಬೆಲೆ ನೋಡುವುದನ್ನು ನಂಬಬೇಡಿ. ಎರಡು ಪ್ರತಿಗಳಿದ್ದಾಗ ಜಿಡಿಬಿ ಡೀಬಗರ್ ಯಾವುದನ್ನು ತೋರಿಸುತ್ತದೆ ಎಂಬುದು ನೀವು ನಿಂತಿರುವ ಫ್ರೇಮಿನ (ಫಂಕ್ಷನ್ ಕರೆಯ) ಮೇಲೆ ಬದಲಾಗುತ್ತದೆ. ವಿಳಾಸ ಕೊಟ್ಟು ಕೇಳಿ.

ಈಗ ದಾರಿ ಮೂರಾಗಿ ಕವಲೊಡೆಯುತ್ತದೆ. ಲೈಬ್ರರಿ ಲೋಡೇ ಆಗುತ್ತಿಲ್ಲ, ಅಥವಾ ವಿಳಾಸಗಳು ಬೇರೆ ಬೇರೆ, ಅಥವಾ ವಿಳಾಸ ಒಂದೇ ಇದ್ದೂ ಬೆಲೆ ತಪ್ಪು.

ಲೋಡ್ ಆಗುವಾಗಲೇ ‘ಅನ್‌ಡಿಫೈನ್ಡ್ ಸಿಂಬಲ್’

ವೇರಿಯಬಲ್ ಇರುವುದು ಮುಖ್ಯ ಪ್ರೋಗ್ರಾಮಿನಲ್ಲಿ, ಅದನ್ನು ಓದುವುದು ಪ್ಲಗಿನ್, ಅಂದರೆ ಪ್ರೋಗ್ರಾಂ ಓಡುತ್ತಿರುವಾಗ ಡಿಎಲ್‌ಓಪನ್ ಫಂಕ್ಷನ್ ಮೂಲಕ ಲೋಡ್ ಮಾಡಿಕೊಳ್ಳುವ ಲೈಬ್ರರಿ. ಇಲ್ಲಿ ಕಾರಣ ಬಹುತೇಕ ಒಂದೇ. ಮುಖ್ಯ ಪ್ರೋಗ್ರಾಮನ್ನು ಕಟ್ಟುವಾಗ ಲಿಂಕರ್ ತನ್ನ ಗ್ಲೋಬಲ್‌ಗಳನ್ನೆಲ್ಲ ಡೈನಮಿಕ್ ಸಿಂಬಲ್ ಪಟ್ಟಿಗೆ (ಹೊರಗಿನವರಿಗೆ ಕಾಣುವ ಹೆಸರುಗಳ ಪಟ್ಟಿ) ಹಾಕುವುದಿಲ್ಲ. ಲಿಂಕ್ ಮಾಡುವ ಹೊತ್ತಿಗೆ ಸಾಲಿನಲ್ಲಿದ್ದ ಯಾವುದಾದರೂ ಡೈನಮಿಕ್ ಲೈಬ್ರರಿ ಆ ಹೆಸರನ್ನು ಬಳಸಿದ್ದರೆ ಮಾತ್ರ ಹಾಕುತ್ತದೆ. ಪ್ಲಗಿನ್ ಆಗ ಸಾಲಿನಲ್ಲಿರಲಿಲ್ಲ, ಹಾಗಾಗಿ ಹೆಸರು ಹೊರಗೆ ಕಾಣುವುದಿಲ್ಲ.

ಫೈಲಿನಲ್ಲಿರುವ ಹೆಸರುಗಳನ್ನು ಪಟ್ಟಿ ಮಾಡುವ ಎನ್‌ಎಮ್ ಕಮಾಂಡನ್ನು ದೊಡ್ಡಕ್ಷರದ ‘-ಡಿ’ ಆಯ್ಕೆಯೊಂದಿಗೆ ಮುಖ್ಯ ಪ್ರೋಗ್ರಾಮಿನ ಮೇಲೆ ಓಡಿಸಿ. ‘-ಡಿ’ ಇಲ್ಲದೆ ಓಡಿಸಿದರೆ ಹೆಸರು ಕಾಣಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಡೀಬಗರಿಗಾಗಿ ಇರುವ ಸಾಮಾನ್ಯ ಪಟ್ಟಿ, ಲೈಬ್ರರಿಗಳನ್ನು ಮೆಮೊರಿಗೆ ತರುವ ಲೋಡರ್ ಅದನ್ನು ನೋಡುವುದೇ ಇಲ್ಲ. ಡೈನಮಿಕ್ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್‌ಗೆ ಲಿಂಕ್ ಹಂತದಲ್ಲಿ ‘-ಆರ್‌ಡೈನಮಿಕ್’ ಕೊಡಿ. ಸಿಮೇಕ್ ಎಂಬ ಬಿಲ್ಡ್ ಸಾಧನ ಬಳಸುವವರು ಆ ಪ್ರೋಗ್ರಾಮಿಗೆ ‘ಎನೇಬಲ್_ಎಕ್ಸ್‌ಪೋರ್ಟ್ಸ್’ ಗುಣವನ್ನು ಆನ್ ಮಾಡಿದರೆ ಸಾಕು. ಎಲ್ಲ ಹೆಸರುಗಳನ್ನೂ ಹೊರಗೆ ಬಿಡುವುದು ಬೇಡವೆನಿಸಿದರೆ ಲಿಂಕರಿನ ‘--ಡೈನಮಿಕ್-ಲಿಸ್ಟ್’ ಆಯ್ಕೆಗೆ ಬೇಕಾದ ಹೆಸರುಗಳ ಫೈಲ್ ಕೊಡಿ. ಈ ಎರಡನೆಯ ದಾರಿಯೇ ಮೇಲು. ಪೂರ್ತಿ ಬಾಗಿಲು ತೆರೆದರೆ ಮುಂದೆ ಹೇಳುವ ಹೆಸರಿನ ಡಿಕ್ಕಿಗಳಿಗೆ ನೀವೇ ಆಹ್ವಾನ ಕೊಟ್ಟಂತೆ.

ಡಿಎಲ್‌ಓಪನ್‌ಗೆ ‘ಲೇಜಿ’ ಬೈಂಡಿಂಗ್ ಕೊಟ್ಟರೂ ಈ ದೋಷ ಮುಂದೂಡಿಕೆಯಾಗುವುದಿಲ್ಲ. ಸೋಮಾರಿ ಬೈಂಡಿಂಗ್, ಅಂದರೆ ಹೆಸರನ್ನು ಮೊದಲ ಬಳಕೆಯ ಹೊತ್ತಿಗಷ್ಟೇ ಹುಡುಕುವುದು, ಫಂಕ್ಷನ್ ಕರೆಗಳಿಗೆ ಮಾತ್ರ. ವೇರಿಯಬಲ್‌ಗಳ ವಿಳಾಸ ಲೋಡ್ ಹೊತ್ತಿನಲ್ಲೇ ತುಂಬಬೇಕು.

ಸಿ++ ಕೋಡಿನಲ್ಲಿ ಇನ್ನೊಂದು ಕಾರಣವಿದೆ. ಫೈಲ್ ಮಟ್ಟದ ‘ಕಾನ್ಸ್ಟ್’ ವೇರಿಯಬಲ್ ಸಿ++ನಲ್ಲಿ ತಾನಾಗಿಯೇ ಆ ಫೈಲಿಗೆ ಸೀಮಿತ. ಸಿ ಭಾಷೆಯಲ್ಲಿ ಹಾಗಲ್ಲ. ಹೊರಗೆ ಕಾಣಬೇಕಿದ್ದರೆ ‘ಎಕ್ಸ್‌ಟರ್ನ್’ ಎಂದು ಸ್ಪಷ್ಟವಾಗಿ ಬರೆಯಬೇಕು. ನೇಮ್‌ಸ್ಪೇಸ್ ಒಳಗಿನ ವೇರಿಯಬಲ್‌ನ ಹೆಸರು ಫೈಲಿನಲ್ಲಿ ತಿರುಚಿಕೊಂಡಿರುತ್ತದೆ, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎಲ್‌ಸಿಮ್‌ಗೆ ಆ ತಿರುಚಿದ ರೂಪವನ್ನೇ ಕೊಡಬೇಕು.

ವಿಳಾಸ ಬೇರೆ ಬೇರೆ

ಹೆಚ್ಚಿನ ದೂರುಗಳು ಇಲ್ಲಿ ಬಂದು ನಿಲ್ಲುತ್ತವೆ, ಕಾರಣಗಳೂ ಇಲ್ಲೇ ಹೆಚ್ಚು. ಲೋಡರಿನ ನಿಯಮ ಮೊದಲು ಮನಸ್ಸಿನಲ್ಲಿರಲಿ. ಎಲ್ಫ್‌ನಲ್ಲಿ ಹೆಸರೊಂದನ್ನು ಹುಡುಕುವಾಗ ಮೊದಲ ಸರದಿ ಮುಖ್ಯ ಪ್ರೋಗ್ರಾಮಿನದು. ಆಮೇಲೆ ಅದು ನೇರವಾಗಿ ಅವಲಂಬಿಸಿದ ಲೈಬ್ರರಿಗಳು ಲಿಂಕ್ ಮಾಡಿದ ಕ್ರಮದಲ್ಲಿ, ಆಮೇಲೆ ಅವುಗಳ ಅವಲಂಬನೆಗಳು. ಮೊದಲು ಸಿಕ್ಕಿದ್ದೇ ಎಲ್ಲರಿಗೂ. ಲೈಬ್ರರಿ ತನ್ನೊಳಗೇ ಆ ವೇರಿಯಬಲ್ ಇಟ್ಟುಕೊಂಡಿದ್ದರೂ, ಮುಖ್ಯ ಪ್ರೋಗ್ರಾಂ ಅದೇ ಹೆಸರನ್ನು ಹೊರಗೆ ತೋರಿಸುತ್ತಿದ್ದರೆ ಲೈಬ್ರರಿ ಅದನ್ನೇ ಬಳಸುತ್ತದೆ. ಅಂದರೆ ಲಿನಕ್ಸ್‌ನಲ್ಲಿ ಒಂದೇ ಪ್ರತಿ ಎಂಬುದೇ ವಾಡಿಕೆ. ಎರಡಾಗಿದ್ದರೆ ಯಾರೋ ಆ ವಾಡಿಕೆಯನ್ನು ಮುರಿದಿದ್ದಾರೆ. ಯಾರೆಂದು ಹುಡುಕಬೇಕು.

ಹುಡುಕಲು ಲೋಡರನ್ನೇ ಕೇಳಬಹುದು. ‘ಎಲ್‌ಡಿ_ಡೀಬಗ್=ಬೈಂಡಿಂಗ್ಸ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಕೊಟ್ಟು ಪ್ರೋಗ್ರಾಂ ಓಡಿಸಿ, ಬರುವ ಸಾವಿರಾರು ಸಾಲುಗಳಲ್ಲಿ ನಿಮ್ಮ ವೇರಿಯಬಲ್‌ನ ಹೆಸರಿರುವವನ್ನು ಗ್ರೆಪ್ ಮಾಡಿ. ಯಾವ ಫೈಲಿನ ಹೆಸರು ಯಾವ ಫೈಲಿಗೆ ಕಟ್ಟಿಕೊಂಡಿತು ಎಂದು ಪ್ರತಿ ಸಾಲೂ ಹೇಳುತ್ತದೆ. ಲೈಬ್ರರಿಯ ಸಾಲೇ ಕಾಣಿಸದಿದ್ದರೆ ಅದೂ ಉತ್ತರವೇ: ಲೈಬ್ರರಿ ಲೋಡರನ್ನು ಕೇಳದೆ ತನ್ನ ಸ್ವಂತ ಪ್ರತಿಯನ್ನು ನೇರ ಮುಟ್ಟುತ್ತಿದೆ.

ಅತಿ ಸಾಮಾನ್ಯ ಕಾರಣ ಹೆಡರ್ ಫೈಲಿನಲ್ಲಿರುತ್ತದೆ. ಹೆಡರಿನಲ್ಲಿ ‘ಸ್ಟ್ಯಾಟಿಕ್’ ಎಂದು ಬರೆದು ವೇರಿಯಬಲ್ ಘೋಷಿಸಿದ್ದರೆ, ಆ ಹೆಡರ್ ಸೇರಿಸಿಕೊಂಡ ಪ್ರತಿಯೊಂದು ಸೋರ್ಸ್ ಫೈಲಿಗೂ ಒಂದೊಂದು ಪ್ರತಿ ಹುಟ್ಟುತ್ತದೆ. ‘ಮಲ್ಟಿಪಲ್ ಡೆಫಿನಿಷನ್’ ಎಂಬ ಲಿಂಕರ್ ದೋಷವನ್ನು ಬಾಯಿ ಮುಚ್ಚಿಸಲು ಯಾರೋ ‘ಸ್ಟ್ಯಾಟಿಕ್’ ಸೇರಿಸಿರುತ್ತಾರೆ. ದೋಷ ಮಾಯವಾಗುತ್ತದೆ, ರೋಗ ಒಳಗೆ ಉಳಿಯುತ್ತದೆ. ಎನ್‌ಎಮ್ ಫಲಿತಾಂಶದಲ್ಲಿ ಹೆಸರಿನ ಮುಂದೆ ಚಿಕ್ಕಕ್ಷರದ ಬಿ ಅಥವಾ ಡಿ ಇದ್ದರೆ ಆ ಪ್ರತಿ ಒಳಗಿನದು, ದೊಡ್ಡಕ್ಷರವಿದ್ದರೆ ಹೊರಗಿನದು, ಯು ದೊಡ್ಡಕ್ಷರವಾಗಿದ್ದರೆ ಬೇರೆಡೆಯಿಂದ ಬೇಕಾದದ್ದು. ಒಂದೇ ಹೆಸರು ಚಿಕ್ಕಕ್ಷರದೊಂದಿಗೆ ನಾಲ್ಕು ಬಾರಿ ಕಂಡರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಹೆಡರಿನಲ್ಲಿ ‘ಎಕ್ಸ್‌ಟರ್ನ್’ ಘೋಷಣೆ ಮಾತ್ರ ಇರಲಿ, ಆರಂಭಿಕ ಬೆಲೆ ಬೇಡ. ವ್ಯಾಖ್ಯೆ ಒಂದೇ ಒಂದು ಸೋರ್ಸ್ ಫೈಲಿನಲ್ಲಿರಲಿ.

ಜಿಸಿಸಿ 10ರಿಂದ ಸಿ ಭಾಷೆಗೆ ‘-ಎಫ್‌ನೋ-ಕಾಮನ್’ ಸಹಜ ಆಯ್ಕೆಯಾಗಿದೆ. ಬೆಲೆ ಕೊಡದೆ ಹೆಡರಿನಲ್ಲಿಟ್ಟ ಗ್ಲೋಬಲ್‌ಗಳನ್ನು ಹಳೆಯ ಕಂಪೈಲರ್ ಸದ್ದಿಲ್ಲದೆ ಒಂದು ಮಾಡುತ್ತಿತ್ತು, ಈಗ ಲಿಂಕರ್ ದೋಷ ಬರುತ್ತದೆ. ಇದು ಒಳ್ಳೆಯದೇ. ಆದರೆ ಈ ರಕ್ಷಣೆ ಒಟ್ಟಿಗೆ ಲಿಂಕ್ ಆದ ಒಂದು ಪ್ರೋಗ್ರಾಂ ಅಥವಾ ಲೈಬ್ರರಿ ಫೈಲಿನ ಒಳಗಷ್ಟೇ. ಪ್ರೋಗ್ರಾಮಿನಲ್ಲೊಂದು, ಡೈನಮಿಕ್ ಲೈಬ್ರರಿಯಲ್ಲೊಂದು ವ್ಯಾಖ್ಯೆ ಇದ್ದರೆ ಲಿಂಕರ್ ಎಂದೂ ತಕರಾರು ಮಾಡುವುದಿಲ್ಲ.

ಎರಡನೆಯ ಕಾರಣ ಒಂದೇ ಸ್ಟ್ಯಾಟಿಕ್ ಲೈಬ್ರರಿಯನ್ನು (ಲಿಂಕ್ ಹೊತ್ತಿನಲ್ಲೇ ಫೈಲಿನೊಳಗೆ ಸೇರಿಹೋಗುವ ಡಾಟ್-ಎ ಫೈಲ್) ಎರಡು ಕಡೆ ಸೇರಿಸುವುದು. ಸಂರಚನೆ ಅಥವಾ ಲಾಗಿಂಗ್ ಕೋಡಿನ ಡಾಟ್-ಎ ಫೈಲ್ ಮುಖ್ಯ ಪ್ರೋಗ್ರಾಮಿಗೂ ಪ್ಲಗಿನ್‌ಗೂ ಲಿಂಕ್ ಆಗಿರುತ್ತದೆ. ಪ್ಲಗಿನ್ ಡಿಎಲ್‌ಓಪನ್ ಮೂಲಕ ಬರುವುದಾದರೆ ಮುಖ್ಯ ಪ್ರೋಗ್ರಾಂ ತನ್ನ ಪ್ರತಿಯನ್ನು ಹೊರಗೆ ತೋರಿಸಿರುವುದಿಲ್ಲ, ಪ್ಲಗಿನ್ ತನ್ನದನ್ನೇ ಬಳಸುತ್ತದೆ. ಲಾಗ್ ಮಟ್ಟ ಬದಲಿಸಿದರೂ ಪ್ಲಗಿನ್‌ನ ಲಾಗ್ ಬದಲಾಗದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ‘-ಆರ್‌ಡೈನಮಿಕ್’ ಹಾಕಿದರೆ ಲಕ್ಷಣ ಹೋಗುತ್ತದೆ, ಆದರೆ ಅದನ್ನು ಪರಿಹಾರ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಸಿ++ ಆಗಿದ್ದರೆ ಅದು ಇನ್ನೂ ಕೆಟ್ಟ ದೋಷವೊಂದಕ್ಕೆ ದಾರಿ, ಅದರ ಮಾತು ಕೆಳಗಿದೆ. ಆ ಸ್ಟ್ಯಾಟಿಕ್ ಲೈಬ್ರರಿಯನ್ನೇ ಡೈನಮಿಕ್ ಮಾಡಿ, ಇಬ್ಬರೂ ಅದಕ್ಕೆ ಲಿಂಕ್ ಆಗಲಿ. ಸರಿಯಾದ ದಾರಿ ಅದು.

ಎರಡು ಪ್ಲಗಿನ್‌ಗಳ ನಡುವೆ ಹಂಚಿಕೆ ಮುರಿದಿದ್ದರೆ ಡಿಎಲ್‌ಓಪನ್‌ಗೆ ಕೊಟ್ಟ ಫ್ಲ್ಯಾಗ್ ನೋಡಿ. ಲಿನಕ್ಸ್‌ನಲ್ಲಿ ಏನೂ ಹೇಳದಿದ್ದರೆ ‘ಲೋಕಲ್’ ಎಂದರ್ಥ, ಒಂದು ಪ್ಲಗಿನ್‌ನ ಹೆಸರುಗಳು ಇನ್ನೊಂದಕ್ಕೆ ಕಾಣುವುದಿಲ್ಲ. ಪೈಥಾನ್ ತನ್ನ ಎಕ್ಸ್‌ಟೆನ್ಷನ್‌ಗಳನ್ನು ಹೀಗೆಯೇ ಲೋಡ್ ಮಾಡುತ್ತದೆ. ‘ಡೀಪ್‌ಬೈಂಡ್’ ಫ್ಲ್ಯಾಗ್ ಇದ್ದರೆ ಲೈಬ್ರರಿ ಮುಖ್ಯ ಪ್ರೋಗ್ರಾಮಿಗಿಂತ ಮೊದಲು ತನ್ನನ್ನೇ ಹುಡುಕಿಕೊಳ್ಳುತ್ತದೆ. ಡಿಎಲ್‌ಎಮ್‌ಓಪನ್ ಬಳಸಿ ಹೊಸ ನೇಮ್‌ಸ್ಪೇಸ್ ತೆರೆದಿದ್ದರಂತೂ ಸಿ ಲೈಬ್ರರಿಯದೇ ಇನ್ನೊಂದು ಪ್ರತಿ ಬಂದು ಕೂರುತ್ತದೆ.

ಲೈಬ್ರರಿಯೇ ಎರಡು ಬಾರಿ ಲೋಡ್ ಆಗಿರುವುದೂ ಉಂಟು. ಒಂದೇ ಫೈಲನ್ನು ಬೇರೆ ಫೋಲ್ಡರಿಗೆ ನಕಲು ಮಾಡಿ, ಪೂರ್ಣ ಪಾತ್ ಕೊಟ್ಟು ಡಿಎಲ್‌ಓಪನ್ ಮಾಡಿದರೆ ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಅದನ್ನು ಬೇರೆ ಲೈಬ್ರರಿ ಎಂದೇ ತಿಳಿಯುತ್ತದೆ. ಸಿಂಬಾಲಿಕ್ ಲಿಂಕ್ ಆದರೆ ಹಾಗಾಗದು, ಇನೋಡ್ (ಡಿಸ್ಕಿನಲ್ಲಿ ಫೈಲಿನ ಗುರುತಿನ ಸಂಖ್ಯೆ) ನೋಡಿ ಗುರುತು ಹಿಡಿಯುತ್ತದೆ. ಮ್ಯಾಪ್ಸ್ ಫೈಲಿನಲ್ಲಿ ಒಂದೇ ಹೆಸರಿನ ಲೈಬ್ರರಿ ಎರಡು ಪಾತ್‌ಗಳಿಂದ ಕಂಡರೆ ಬೇರೆಲ್ಲ ಅನುಮಾನ ಬಿಡಿ.

‘-ಎಫ್‌ವಿಸಿಬಿಲಿಟಿ=ಹಿಡನ್’ ಇಟ್ಟುಕೊಂಡ ಲೈಬ್ರರಿಯಲ್ಲಿ ಗುರುತು ಹಾಕದ ಪ್ರತಿ ವೇರಿಯಬಲ್ ಒಳಗೇ ಉಳಿಯುತ್ತದೆ. ಹಂಚಬೇಕಾದ್ದಕ್ಕೆ ‘ಡೀಫಾಲ್ಟ್’ ವಿಸಿಬಿಲಿಟಿಯ ಗುರುತನ್ನು ಹೆಡರಿನ ಘೋಷಣೆಯಲ್ಲೇ ಹಾಕಿ.

ಕಾಪಿ ರಿಲೊಕೇಷನ್ ಎಂಬ ಗುಪ್ತ ನಕಲು

ಹೆಚ್ಚಿನವರಿಗೆ ಗೊತ್ತಿಲ್ಲದೆ ಕಾಡುವ ಕಾರಣವಿದು, ಸ್ವಲ್ಪ ನಿಂತು ನೋಡಬೇಕು. ವೇರಿಯಬಲ್ ಲೈಬ್ರರಿಯಲ್ಲಿದೆ, ಮುಖ್ಯ ಪ್ರೋಗ್ರಾಂ ಅದನ್ನು ‘ಎಕ್ಸ್‌ಟರ್ನ್’ ಎಂದು ಬಳಸುತ್ತದೆ. ಪಿಕ್ (ಯಾವ ವಿಳಾಸಕ್ಕೆ ಲೋಡ್ ಆದರೂ ಓಡುವ ಕೋಡ್) ಇಲ್ಲದೆ ಕಂಪೈಲ್ ಆದ ಪ್ರೋಗ್ರಾಮಿನ ಕೋಡ್ ವೇರಿಯಬಲ್‌ನ ವಿಳಾಸ ತನ್ನ ಹತ್ತಿರವೇ ಇದೆ ಎಂಬ ಊಹೆಯ ಮೇಲೆ ನಡೆಯುತ್ತದೆ. ಎಕ್ಸ್86-64ರಲ್ಲಿ (64 ಬಿಟ್ ಇಂಟೆಲ್ ಮಾದರಿ) ಜಿಸಿಸಿ 5ರಿಂದೀಚೆಗೆ ಪೈ (ಯಾವ ವಿಳಾಸದಲ್ಲಾದರೂ ಲೋಡ್ ಆಗಬಲ್ಲ) ಪ್ರೋಗ್ರಾಂಗಳಲ್ಲೂ ಹೀಗೇ ಆಗಬಹುದು. ಆ ಊಹೆಯನ್ನು ನಿಜ ಮಾಡಲು ಲಿಂಕರ್ ಪ್ರೋಗ್ರಾಮಿನ ಬಿಎಸ್‌ಎಸ್ (ಸೊನ್ನೆಯಿಂದ ಶುರುವಾಗುವ ಡೇಟಾ) ಭಾಗದಲ್ಲಿ ಅಷ್ಟೇ ಗಾತ್ರದ ಜಾಗ ಮಾಡಿ, ಲೋಡ್ ಆಗುವಾಗ ಲೈಬ್ರರಿಯ ಆರಂಭಿಕ ಬೆಲೆಯನ್ನು ಅಲ್ಲಿಗೆ ನಕಲಿಸಲು ಟಿಪ್ಪಣಿ ಬರೆದಿಡುತ್ತದೆ. ಲೈಬ್ರರಿಯೂ ವಿಳಾಸಗಳನ್ನಿಟ್ಟುಕೊಳ್ಳುವ ಜಿಓಟಿ ಕೋಷ್ಟಕದ ಮೂಲಕ ಆ ಹೊಸ ಜಾಗವನ್ನೇ ಬಳಸುವುದರಿಂದ ಎಲ್ಲವೂ ಸರಿಯಾಗಿ ನಡೆಯುತ್ತದೆ. ಲೈಬ್ರರಿಯೊಳಗಿದ್ದ ಮೂಲ ಜಾಗ ಅನಾಥವಾಗಿ ಉಳಿಯುತ್ತದೆ.

ಇದು ಕೆಡುವುದು ಎರಡು ರೀತಿಯಲ್ಲಿ. ಲೈಬ್ರರಿಯನ್ನು ‘-ಬಿಸಿಂಬಾಲಿಕ್’ ಆಯ್ಕೆಯೊಂದಿಗೆ ಲಿಂಕ್ ಮಾಡಿದ್ದರೆ, ಅಥವಾ ವೇರಿಯಬಲ್‌ಗೆ ‘ಪ್ರೊಟೆಕ್ಟೆಡ್’ ವಿಸಿಬಿಲಿಟಿ ಇದ್ದರೆ, ಲೈಬ್ರರಿ ತನ್ನ ಮೂಲ ಜಾಗವನ್ನೇ ನೋಡುತ್ತ ಕೂರಬಹುದು. ಪ್ರೋಗ್ರಾಂ ನಕಲನ್ನು ನೋಡುತ್ತದೆ. ಆರಂಭದ ಬೆಲೆ ಇಬ್ಬರಿಗೂ ಸರಿಯಾಗಿ ಕಾಣುತ್ತದೆ, ಬರೆದ ಮೇಲೆ ದಾರಿ ಬೇರೆಯಾಗುತ್ತದೆ. ವೇಗಕ್ಕಾಗಿ ಆ ಆಯ್ಕೆ ಹಾಕಿದ್ದರೆ ಬದಲಿಗೆ ‘-ಬಿಸಿಂಬಾಲಿಕ್-ಫಂಕ್ಷನ್ಸ್’ ಬಳಸಿ. ಅದು ಫಂಕ್ಷನ್‌ಗಳಿಗೆ ಮಾತ್ರ ಅನ್ವಯ, ವೇರಿಯಬಲ್‌ಗಳ ತಂಟೆಗೆ ಹೋಗುವುದಿಲ್ಲ.

ಇನ್ನೊಂದು, ಗಾತ್ರ ಬದಲಾವಣೆ. ಲೈಬ್ರರಿಯ ಹೊಸ ಆವೃತ್ತಿಯಲ್ಲಿ 10 ಅಂಶಗಳ ಅರೇ 20 ಆಯಿತು, ಪ್ರೋಗ್ರಾಮನ್ನು ಮರುಲಿಂಕ್ ಮಾಡಲಿಲ್ಲ ಎಂದಿಟ್ಟುಕೊಳ್ಳಿ. ಪ್ರೋಗ್ರಾಮಿನೊಳಗಿನ ಜಾಗ ಇನ್ನೂ 10ಕ್ಕೇ ಇದೆ. ಲೈಬ್ರರಿ ಹದಿನೊಂದನೆಯ ಅಂಶಕ್ಕೆ ಬರೆದ ಕೂಡಲೇ ಪಕ್ಕದ ವೇರಿಯಬಲ್ ಹಾಳು. ಲೋಡರ್ ಇದನ್ನು ಕಂಡು ಸಿಂಬಲ್‌ನ ಗಾತ್ರ ಬೇರೆಯಾಗಿದೆ, ಮರುಲಿಂಕ್ ಮಾಡಿ ಎಂಬ ಒಂದು ಸಾಲನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆದು ಮುಂದುವರಿಯುತ್ತದೆ. ಆ ಸಾಲನ್ನು ಎಂದಿಗೂ ಕಡೆಗಣಿಸಬೇಡಿ.

ಪತ್ತೆ ಸುಲಭ: ಪ್ರೋಗ್ರಾಮಿನ ಮೇಲೆ ‘ರೀಡ್‌ಎಲ್ಫ್ -ಆರ್’ ಓಡಿಸಿ ರಿಲೊಕೇಷನ್ ಪ್ರಕಾರದ ಹೆಸರು ‘ಕಾಪಿ’ ಎಂದು ಮುಗಿಯುವ ಸಾಲುಗಳನ್ನು ನೋಡಿ. ಪ್ರೋಗ್ರಾಮಿನ ಸೋರ್ಸ್ ಫೈಲುಗಳನ್ನೂ ‘-ಎಫ್‌ಪಿಕ್’ ಜೊತೆ ಕಂಪೈಲ್ ಮಾಡಿದರೆ ಕಾಪಿ ಹೋಗಿ ಜಿಓಟಿ ಮೂಲಕದ ದಾರಿ ಬರುತ್ತದೆ. ಇಲ್ಲಿ ‘-ಎಫ್‌ಪಿಕ್’ ಎಂದದ್ದು ದೊಡ್ಡಕ್ಷರದ ಆಯ್ಕೆಯನ್ನು.

ವಿಳಾಸ ಒಂದೇ, ಬೆಲೆ ಮಾತ್ರ ತಪ್ಪು

ಈಗ ಮುದ್ರಿಸಿಟ್ಟ ಸೈಜ್ ಕೆಲಸಕ್ಕೆ ಬರುತ್ತದೆ. ಸ್ಟ್ರಕ್ಟ್ ಆಗಿದ್ದರೆ ಎರಡೂ ಕಡೆ ಸೈಜ್ ಹೋಲಿಸಿ. ಹೆಡರಿನೊಳಗೆ ‘ಇಫ್‌ಡೆಫ್’ ನಡುವೆ ಇರುವ ಫೀಲ್ಡ್ ಪ್ರೋಗ್ರಾಮಿನ ಕಂಪೈಲ್‌ನಲ್ಲಿ ಸೇರಿ ಲೈಬ್ರರಿಯದರಲ್ಲಿ ಬಿಟ್ಟುಹೋಗಿದ್ದರೆ ಮುಂದಿನ ಫೀಲ್ಡ್‌ಗಳೆಲ್ಲ ಸರಿದಿರುತ್ತವೆ. ಪ್ರಾಗ್ಮಾ ಪ್ಯಾಕ್ ಹಾಕಿದ ಹೆಡರ್ ಅದನ್ನು ಹಿಂದಕ್ಕೆ ತೆಗೆಯಲು ಮರೆತಿದ್ದರೂ ಇದೇ ಗತಿ. ಸೈಜ್ ಒಂದೇ ಇದ್ದೂ ಫೀಲ್ಡ್‌ಗಳ ಕ್ರಮ ಬೇರೆಯಿರಬಹುದು, ಅನುಮಾನವಿದ್ದರೆ ಆಫ್‌ಸೆಟ್‌ಆಫ್ ಬಳಸಿ ಒಂದೊಂದು ಫೀಲ್ಡನ್ನೂ ಹೋಲಿಸಿ.

ಬೆಲೆ 0 ಎಂದೇ ಬರುತ್ತಿದ್ದು, ಓದುವ ಕೋಡ್ ಲೈಬ್ರರಿಯ ಕನ್‌ಸ್ಟ್ರಕ್ಟರ್‌ನಲ್ಲಿದ್ದರೆ ಕಾರಣ ಆರಂಭದ ಕ್ರಮ. ಲಿಂಕ್ ಆದ ಲೈಬ್ರರಿಗಳ ಕನ್‌ಸ್ಟ್ರಕ್ಟರ್‌ಗಳು ಮುಖ್ಯ ಪ್ರೋಗ್ರಾಮಿನವಕ್ಕಿಂತ ಮೊದಲು ಓಡುತ್ತವೆ. ಪ್ರೋಗ್ರಾಮಿನ ಸಿ++ ಆಬ್ಜೆಕ್ಟ್ ಆಗ ಇನ್ನೂ ಹುಟ್ಟೇ ಇಲ್ಲ. ಓದುವ ಕೆಲಸವನ್ನು ಲೈಬ್ರರಿಯ ಒಂದು ಇನಿಟ್ ಫಂಕ್ಷನ್‌ಗೆ ಸರಿಸಿ, ಅದನ್ನು ಮೇನ್ ಒಳಗಿಂದ ಕರೆಯಿರಿ.

ಒಂದು ಥ್ರೆಡ್ ಬರೆದದ್ದು ಇನ್ನೊಂದರ ಲೂಪಿಗೆ ಎಂದೂ ಕಾಣದಿದ್ದರೆ ಅದು ಲಿಂಕಿಂಗ್ ಸಮಸ್ಯೆಯಲ್ಲ. ವೇರಿಯಬಲನ್ನು ಅಟಾಮಿಕ್ ಮಾಡಿ ಅಥವಾ ಮ್ಯೂಟೆಕ್ಸ್ ಹಾಕಿ. ‘ವೊಲಾಟೈಲ್’ ಇದಕ್ಕೆ ಮದ್ದಲ್ಲ.

ಇನ್ನು ಹಂಚಿಕೆಯೇ ಬೇಡವಾಗಿದ್ದಲ್ಲಿ ಆಗಿಬಿಡುವ ದೋಷ. ‘ಡೀಬಗ್’, ‘ಕೌಂಟ್’, ‘ಬಫರ್’ ಎಂಬಂಥ ಸಾಧಾರಣ ಹೆಸರುಗಳು ಸಂಬಂಧವಿಲ್ಲದ ಎರಡು ಲೈಬ್ರರಿಗಳಲ್ಲಿದ್ದರೆ ಲೋಡರ್ ಅವನ್ನು ಒಂದೇ ಎಂದು ಕಟ್ಟಿಬಿಡುತ್ತದೆ. ಒಂದರಲ್ಲಿ ನಾಲ್ಕು ಬೈಟಿನ ಪೂರ್ಣಾಂಕ, ಇನ್ನೊಂದರಲ್ಲಿ 4096 ಬೈಟಿನ ಅರೇ ಆಗಿದ್ದರೆ ಮೆಮೊರಿ ಹಾಳಾಗುವುದು ಖಂಡಿತ. ಕಾರಣವಿಲ್ಲದೆ ಬೆಲೆ ಬದಲಾಗುತ್ತಿದೆ ಎಂದೆನಿಸಿದರೆ ಜಿಡಿಬಿಯಲ್ಲಿ ಆ ವಿಳಾಸಕ್ಕೆ ವಾಚ್‌ಪಾಯಿಂಟ್ ಇಡಿ, ಬರೆಯುವವನು ಸಿಕ್ಕಿಬೀಳುತ್ತಾನೆ.

ಮುಗಿಯುವಾಗ ‘ಡಬಲ್ ಫ್ರೀ’

ಪ್ರೋಗ್ರಾಂ ಪೂರ್ತಿ ಸರಿಯಾಗಿ ಓಡಿ, ಮೇನ್ ಮುಗಿದ ಮೇಲೆ ಕ್ರ್ಯಾಶ್ ಆಗುತ್ತದೆ. ಒಂದೇ ಸ್ಟ್ಯಾಟಿಕ್ ಲೈಬ್ರರಿ ಎರಡು ಕಡೆ ಸೇರಿದ್ದು, ಅದರಲ್ಲಿ ಸ್ಟ್ರಿಂಗ್ ಅಥವಾ ವೆಕ್ಟರ್‌ನಂಥ ಗ್ಲೋಬಲ್ ಆಬ್ಜೆಕ್ಟ್ ಇದ್ದಾಗ ಹೀಗಾಗುತ್ತದೆ. ಹೆಸರು ಒಂದೇ ವಿಳಾಸಕ್ಕೆ ಕಟ್ಟಿಕೊಂಡಿದೆ, ಆದರೆ ಕನ್‌ಸ್ಟ್ರಕ್ಟರ್ ಕರೆಯುವ ಕೋಡ್ ಎರಡು ಫೈಲುಗಳಲ್ಲೂ ಇದೆ. ಒಂದೇ ಆಬ್ಜೆಕ್ಟ್ ಎರಡು ಬಾರಿ ಹುಟ್ಟುತ್ತದೆ, ಎರಡು ಬಾರಿ ಸಾಯುತ್ತದೆ. ಕನ್‌ಸ್ಟ್ರಕ್ಟರ್‌ನಲ್ಲಿ ‘ದಿಸ್’ ವಿಳಾಸ ಮುದ್ರಿಸಿದರೆ ಅದೇ ವಿಳಾಸ ಎರಡು ಸಲ ಕಾಣುತ್ತದೆ. ಇಬ್ಬರಿಗೂ ಒಂದೇ ಡೈನಮಿಕ್ ಲೈಬ್ರರಿ ಎಂಬುದೇ ಇಲ್ಲೂ ಪರಿಹಾರ. ಎರಡನ್ನೂ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆ ಕಂಪೈಲ್ ಮಾಡಿದರೆ ಇಂಥ ಜೋಡಿ ವ್ಯಾಖ್ಯೆಗಳನ್ನು ಅದು ‘ಓಡಿಆರ್ ವಯೋಲೇಷನ್’ (ಒಂದೇ ವ್ಯಾಖ್ಯೆಯ ನಿಯಮದ ಉಲ್ಲಂಘನೆ) ಎಂದು ತೋರಿಸಬಲ್ಲದು.

ವಿಂಡೋಸ್‌ನಲ್ಲಿ

ಇಲ್ಲಿ ಮೊದಲು ಸಿಕ್ಕಿದ್ದೇ ಎಲ್ಲರಿಗೂ ಎಂಬ ನಿಯಮವೇ ಇಲ್ಲ. ಪ್ರತಿ ಡಿಎಲ್‌ಎಲ್ (ವಿಂಡೋಸ್‌ನ ಡೈನಮಿಕ್ ಲೈಬ್ರರಿ) ತನಗೆ ಬೇಕಾದ ಹೆಸರು ಇಂಥದ್ದೇ ಫೈಲಿನಿಂದ ಬರಬೇಕು ಎಂದು ಲಿಂಕ್ ಹೊತ್ತಿನಲ್ಲೇ ಬರೆದಿಟ್ಟುಕೊಳ್ಳುತ್ತದೆ. ಎರಡು ಕಡೆ ವ್ಯಾಖ್ಯೆ ಇದ್ದರೆ ಎರಡು ಪ್ರತಿ, ಅಷ್ಟೇ. ಸಿ++17ರ ಇನ್‌ಲೈನ್ ವೇರಿಯಬಲ್ ಕೂಡ ಇಲ್ಲಿ ಪ್ರತಿ ಡಿಎಲ್‌ಎಲ್‌ಗೆ ಒಂದು. ಲಿನಕ್ಸ್‌ನಲ್ಲಿ ಜಿಸಿಸಿ ಅದಕ್ಕೆ ‘ಯುನೀಕ್’ ಗುರುತು ಹಾಕಿ ಪ್ರೋಸೆಸ್‌ಗೆ ಒಂದೇ ಪ್ರತಿ ಉಳಿಸುವುದರಿಂದ, ಅಲ್ಲಿ ಬರೆದ ಕೋಡ್ ವಿಂಡೋಸ್‌ಗೆ ಬಂದಾಗ ಮುರಿಯುತ್ತದೆ.

ಡಿಎಲ್‌ಎಲ್ ಕಡೆ ‘ಡಿಎಲ್‌ಎಲ್‌ಎಕ್ಸ್‌ಪೋರ್ಟ್’, ಬಳಸುವ ಕಡೆ ‘ಡಿಎಲ್‌ಎಲ್‌ಇಂಪೋರ್ಟ್’ ಗುರುತು ಬೇಕು. ಫಂಕ್ಷನ್‌ಗಳಿಗೆ ಇಂಪೋರ್ಟ್ ಗುರುತು ಬಿಟ್ಟರೂ ನಡೆಯುತ್ತದೆ, ಲಿಂಕರ್ ನಡುವೆ ಒಂದು ಜಿಗಿತದ ತುಣುಕು ಸೇರಿಸುತ್ತದೆ. ವೇರಿಯಬಲ್‌ಗೆ ಅಂಥ ಉಪಾಯವಿಲ್ಲ, ಬಿಟ್ಟರೆ ‘ಎಲ್‌ಎನ್‌ಕೆ2001’ ಅಥವಾ ‘ಎಲ್‌ಎನ್‌ಕೆ2019’ ಎಂಬ ಲಿಂಕರ್ ದೋಷ ಬರುತ್ತದೆ. ಸಿಮೇಕ್‌ನ ‘ವಿಂಡೋಸ್_ಎಕ್ಸ್‌ಪೋರ್ಟ್_ಆಲ್_ಸಿಂಬಲ್ಸ್’ ಹಾಕಿದರೂ ವೇರಿಯಬಲ್‌ಗಳಿಗೆ ಇಂಪೋರ್ಟ್ ಗುರುತು ನೀವೇ ಹಾಕಬೇಕು.

ಡೆಫ್ ಫೈಲ್ (ಎಕ್ಸ್‌ಪೋರ್ಟ್ ಹೆಸರುಗಳ ಪಟ್ಟಿ) ಮೂಲಕ ಎಕ್ಸ್‌ಪೋರ್ಟ್ ಮಾಡುವಾಗ ಹೆಸರಿನ ನಂತರ ‘ಡೇಟಾ’ ಎಂಬ ಪದ ಮರೆತರೆ ಇಂಪೋರ್ಟ್ ಲೈಬ್ರರಿ ಅದನ್ನು ಫಂಕ್ಷನ್ ಎಂದು ತಿಳಿಯಬಹುದು. ಆಗ ಲಿಂಕ್ ಸರಾಗ, ಬೆಲೆ ಮಾತ್ರ ಕಸ. ಆ ಕಸವನ್ನು ಹೆಕ್ಸ್‌ನಲ್ಲಿ ನೋಡಿ. ಕೊನೆಯ ನಾಲ್ಕು ಅಂಕಿಗಳು 25ಎಫ್‌ಎಫ್ ಆಗಿದ್ದರೆ ನೀವು ಓದುತ್ತಿರುವುದು ಜಿಗಿತದ ಸೂಚನೆಯ ಬೈಟುಗಳನ್ನು, ವೇರಿಯಬಲನ್ನಲ್ಲ.

ಸಿ ರನ್‌ಟೈಮನ್ನು ‘/ಎಂಟಿ’ ಮೂಲಕ ಸ್ಟ್ಯಾಟಿಕ್ ಆಗಿ ಸೇರಿಸಿದ ಪ್ರತಿ ಡಿಎಲ್‌ಎಲ್‌ಗೂ ಅದರದೇ ಎರ್‌ನೋ (ಕೊನೆಯ ದೋಷದ ಸಂಖ್ಯೆ), ಅದರದೇ ಫೈಲ್ ಕೋಷ್ಟಕ ಇರುತ್ತದೆ. ಎಲ್ಲವನ್ನೂ ‘/ಎಂಡಿ’ಗೆ (ಡೈನಮಿಕ್ ರನ್‌ಟೈಮ್) ಬದಲಿಸಿ, ಡೀಬಗ್ ಮತ್ತು ರಿಲೀಸ್ ಬೆರೆಸಬೇಡಿ.

ಪ್ಲಗಿನ್ ಮುಖ್ಯ ಎಕ್ಸಿ ಫೈಲಿನಿಂದ ವೇರಿಯಬಲ್ ತೆಗೆದುಕೊಳ್ಳಬಹುದು, ಆದರೆ ಎಕ್ಸಿಯ ಹೆಸರು ಪ್ಲಗಿನ್‌ನೊಳಗೆ ಅಚ್ಚಾಗಿರುತ್ತದೆ. ಎಕ್ಸಿಗೆ ಬೇರೆ ಹೆಸರಿಟ್ಟ ದಿನ ಪ್ಲಗಿನ್ ಲೋಡ್ ಆಗುವುದಿಲ್ಲ.

ಮ್ಯಾಕ್ ಸಹ ಹೆಸರಿನ ಜೊತೆ ಅದು ಬಂದ ಲೈಬ್ರರಿಯನ್ನೂ ದಾಖಲಿಸಿಕೊಳ್ಳುತ್ತದೆ, ಹಾಗಾಗಿ ಲಿನಕ್ಸ್‌ಗಿಂತ ವಿಂಡೋಸ್‌ಗೆ ಹತ್ತಿರ. ‘ಎನ್‌ಎಮ್ -ಎಂ’ ಯಾವ ಹೆಸರು ಎಲ್ಲಿಂದ ಎಂದು ತೋರಿಸುತ್ತದೆ. ಪ್ಲಗಿನ್‌ಗೆ ಪ್ರೋಗ್ರಾಮಿನ ವೇರಿಯಬಲ್ ಬೇಕಿದ್ದರೆ ಲಿಂಕ್ ಮಾಡುವಾಗ ‘-ಬಂಡಲ್_ಲೋಡರ್’ ಕೊಡಿ.

ಮತ್ತೆ ಮರುಕಳಿಸದಂತೆ ಕಟ್ಟುವುದು

ವೇರಿಯಬಲ್‌ಗೆ ಒಬ್ಬನೇ ಒಡೆಯನಿರಲಿ. ಹಂಚಬೇಕಾದ ಸ್ಥಿತಿಯನ್ನೆಲ್ಲ ಒಂದು ಸಣ್ಣ ಡೈನಮಿಕ್ ಲೈಬ್ರರಿಗೆ ಹಾಕಿ, ಪ್ರೋಗ್ರಾಮೂ ಪ್ಲಗಿನ್‌ಗಳೂ ಅದಕ್ಕೆ ಲಿಂಕ್ ಆಗಲಿ. ಅಲ್ಲೂ ವೇರಿಯಬಲನ್ನು ‘ಸ್ಟ್ಯಾಟಿಕ್’ ಮಾಡಿ ಒಳಗಿಟ್ಟು, ಓದಲೊಂದು ಬರೆಯಲೊಂದು ಫಂಕ್ಷನ್ ಮಾತ್ರ ಹೊರಗೆ ಬಿಡಿ. ಕಾಪಿ ರಿಲೊಕೇಷನ್, ಗಾತ್ರ ಬದಲಾವಣೆ, ಡಿಎಲ್‌ಎಲ್‌ಇಂಪೋರ್ಟ್ ಮರೆವು ಮೂರೂ ಇದರಿಂದ ಇಲ್ಲವಾಗುತ್ತವೆ. ಒಂದು ಫಂಕ್ಷನ್ ಕರೆಯ ಖರ್ಚು ಇದ್ದೇ ಇದೆ. ಬಿಗಿಯಾದ ಲೂಪಿನೊಳಗಾದರೆ ಲೂಪಿಗೆ ಮೊದಲೇ ಪಾಯಿಂಟರ್ ಪಡೆದಿಟ್ಟುಕೊಳ್ಳಿ.

ಪ್ಲಗಿನ್‌ಗಳಿಗಾದರೆ ಹೆಸರಿನ ಮೂಲಕ ಹಂಚುವುದನ್ನೇ ಬಿಡಿ. ಪ್ಲಗಿನ್‌ನ ಇನಿಟ್ ಫಂಕ್ಷನ್‌ಗೆ ಒಂದು ಸ್ಟ್ರಕ್ಟ್‌ನ ಪಾಯಿಂಟರ್ ಕೊಡಿ, ಅದರೊಳಗೆ ಬೇಕಾದ ಫಂಕ್ಷನ್ ಪಾಯಿಂಟರ್‌ಗಳಿರಲಿ. ಮೊದಲ ಫೀಲ್ಡ್ ಆ ಸ್ಟ್ರಕ್ಟ್‌ನ ಸೈಜ್ ಆಗಿರಲಿ, ಪ್ಲಗಿನ್ ಅದನ್ನು ತನ್ನ ಲೆಕ್ಕದೊಂದಿಗೆ ಹೋಲಿಸಿ ಅದಕ್ಕಿಂತ ಚಿಕ್ಕದಿದ್ದರೆ ಲೋಡ್ ಆಗಲು ನಿರಾಕರಿಸಲಿ. ಹೊಸ ಫೀಲ್ಡ್‌ಗಳನ್ನು ಕೊನೆಗೆ ಮಾತ್ರ ಸೇರಿಸಿ. ಆಗ ಪ್ಲಗಿನ್‌ಗಳನ್ನು ‘-ಜಡ್ ಡೆಫ್ಸ್’ ಲಿಂಕರ್ ಆಯ್ಕೆಯೊಂದಿಗೆ ಕಟ್ಟಬಹುದು, ಬಿಟ್ಟುಹೋದ ಹೆಸರು ಬಳಕೆದಾರನ ಯಂತ್ರದಲ್ಲಿ ಅಲ್ಲ, ನಿಮ್ಮ ಬಿಲ್ಡ್‌ನಲ್ಲೇ ಸಿಕ್ಕಿಬೀಳುತ್ತದೆ.

ಬಿಲ್ಡ್‌ನ ಕೊನೆಗೆ ಒಂದು ಪುಟ್ಟ ಸ್ಕ್ರಿಪ್ಟ್ ಇಡಿ. ಪ್ರೋಗ್ರಾಮಿನ ಮೇಲೂ ಪ್ರತಿ ಲೈಬ್ರರಿಯ ಮೇಲೂ ‘ಎನ್‌ಎಮ್ -ಡಿ’ ಓಡಿಸಿ, ದೊಡ್ಡಕ್ಷರದ ಬಿ ಅಥವಾ ಡಿ ಇರುವ ಹೆಸರುಗಳನ್ನು ಒಟ್ಟುಮಾಡಿ, ಒಂದಕ್ಕಿಂತ ಹೆಚ್ಚು ಫೈಲಿನಲ್ಲಿ ಕಂಡ ಹೆಸರಿದ್ದರೆ ಬಿಲ್ಡ್ ನಿಲ್ಲಿಸಲಿ. ಕಾಪಿ ರಿಲೊಕೇಷನ್ ಜಾಗಗಳೂ ಪ್ರೋಗ್ರಾಮಿನ ಪಟ್ಟಿಯಲ್ಲಿ ದೊಡ್ಡಕ್ಷರದ ಬಿ ಎಂದೇ ಕಾಣುವುದರಿಂದ ಸಿ ಲೈಬ್ರರಿಯ ಎಸ್‌ಟಿಡಿಔಟ್‌ನಂಥ ಹೆಸರುಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸಬೇಕಾಗುತ್ತದೆ.